ತಗ್ಗಿಸಿಕೊಳ್ಳುವುದು ಅಂದರೆ ಬಾಯಿ ಮುಚ್ಚಿಕೊಂಡು ಕೂರುವುದಾ?

ಪ್ರಶ್ನೆ: ಅಯ್ಯನವರೇ, ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಎರಡು ಎಕರೆ ಜಮೀನು, ಬೋರ್‌ವೆಲ್ ನೀರು. ಟೊಮೆಟೊ ಹಾಕಿ ಎರಡು ಸಲ ಸೋತೆ. ಮೊದಲನೇ ಸಲ ಬಿಂಗಿ ರೋಗ. ಎರಡನೇ ಸಲ ಬೆಳೆ ಚೆನ್ನಾಗಿಯೇ ಬಂತು, ಆದರೆ ರೇಟು ಬಿದ್ದು ಕೊಯ್ಲಿನ ಕೂಲಿಯೂ ಗಿಟ್ಟಲಿಲ್ಲ. ಬ್ಯಾಂಕ್ ಸಾಲ ಇದೆ, ಹೆಂಡತಿ ಹೆಸರಲ್ಲಿ ಸಂಘದ ಸಾಲ ಇದೆ, ಮಂಡಿಯಲ್ಲಿ ಮುಂಗಡ ತಗೊಂಡಿದ್ದೇನೆ, ಅವಳಿಗೆ ಗೊತ್ತಿಲ್ಲದ ಕೈಸಾಲ ಬೇರೆ. ನಮ್ಮ ಸಭೆಯ ಹಿರಿಯರೊಬ್ಬರು 'ಎಲ್ಲೋ ಪಾಪ ಇದೆ, ತಗ್ಗಿಸಿಕೋ, ದೇವರು ಎತ್ತುತ್ತಾನೆ' ಅಂದರು. ಅದಕ್ಕೇ ಯಾರಿಗೂ ಏನೂ ಹೇಳದೆ ಸಹಿಸಿಕೊಂಡಿದ್ದೇನೆ. ಚರ್ಚಿನ ಸುಗ್ಗಿ ಹಬ್ಬದ ಕಾಣಿಕೆ ಹರಾಜಿನಲ್ಲಿ ಪ್ರತಿ ವರ್ಷ ನಮ್ಮ ಮನೆ ಹೆಸರು ಕೂಗುತ್ತಿದ್ದರು, ಈ ಸಲ ಹೋಗಲು ಮುಖ ಇಲ್ಲ. ದೇವರ ಮೇಲೆ ಭಾರ ಹಾಕಿ ಮತ್ತೊಂದು ಸಲ ಟೊಮೆಟೊ ಹಾಕೋಣ ಅಂತಿದ್ದೇನೆ. ರಾತ್ರಿ ನಿದ್ರೆ ಬರುವುದಿಲ್ಲ, ಬೆಳಗಾಗದಿದ್ದರೇ ಚೆನ್ನಾಗಿತ್ತು ಅನಿಸುತ್ತದೆ. ಕ್ರೈಸ್ತನಾದವನು ಎಲ್ಲವನ್ನೂ ಸುಮ್ಮನೆ ತಡೆದುಕೊಳ್ಳುವುದೇ ತಗ್ಗುವಿಕೆಯಾ? (ಹೆಸರು ಬೇಡ)

ಉತ್ತರ:

ಬ್ರದರ್, ಬೆಳಗಾಗದಿದ್ದರೇ ಚೆನ್ನಾಗಿತ್ತು ಅಂತ ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಸಾಲ, ಪಾಪ, ಹಬ್ಬ ಎಲ್ಲ ಆಮೇಲೆ.

ಎಲೀಯ ಪ್ರವಾದಿ ಇದೇ ಮಾತು ಆಡಿದ. ಒಂದನೇ ಅರಸುಗಳು 19ನೇ ಅಧ್ಯಾಯ ತೆಗೆದು ನೋಡಿ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಗೆಲುವು ಕಂಡವನು, ಮರುದಿನವೇ ರಾಣಿಯ ಬೆದರಿಕೆಗೆ ಅಂಜಿ ಕಾಡಿಗೆ ಓಡಿ, ಒಂದು ಗಿಡದ ಕೆಳಗೆ ಕುಸಿದು ಕೂತು, ಇನ್ನು ಸಾಕು, ನನ್ನ ಪ್ರಾಣ ತೆಗೆದುಕೋ ಅಂತ ದೇವರನ್ನೇ ಕೇಳಿಕೊಂಡ. ಅವನಿಗೆ ಬೈಗುಳ ಸಿಗಲಿಲ್ಲ. ನಿನ್ನ ವಿಶ್ವಾಸ ಎಲ್ಲಿ ಹೋಯಿತು ಅನ್ನುವ ಪ್ರಸಂಗವೂ ಇಲ್ಲ. ದೂತ ಬಂದು ತಟ್ಟಿ ಎಬ್ಬಿಸಿದ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ತೋರಿಸಿದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರು ಅವನ ಜೊತೆ ಮಾತಿಗೆ ಕೂತದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಮೊದಲು ಊಟ ಮತ್ತು ನಿದ್ರೆ.

ಆದ್ದರಿಂದ ಇಂಥ ಯೋಚನೆ ಬರುವುದು ವಿಶ್ವಾಸದ್ರೋಹ ಅಂದುಕೊಂಡು ಬಚ್ಚಿಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಿ 'ನಿದ್ರೆ ಬರುತ್ತಿಲ್ಲ, ಸಾಯುವ ಯೋಚನೆ ಬರುತ್ತಿದೆ' ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಮಿಕ್ಕಿದ್ದರೆ ಇವತ್ತೇ ಬೇರೆಯವರ ಮನೆಗೆ ಸಾಗಿಸಿ. ಇದು ಪ್ರಾರ್ಥನೆಗಿಂತ ಕಡಿಮೆ ಕೆಲಸ ಅಂದುಕೊಳ್ಳಬೇಡಿ.

ಇನ್ನು ಆ ಹಿರಿಯರ ಮಾತು. ಅವರು ಒಳ್ಳೇ ಮನಸ್ಸಿನಿಂದಲೇ ಹೇಳಿರಬಹುದು. ಆದರೂ ಅದು ತಪ್ಪು. ಯೋಬನ ಪುಸ್ತಕದಲ್ಲಿ, ಆಸ್ತಿ ಮಕ್ಕಳು ಎಲ್ಲ ಕಳಕೊಂಡ ಯೋಬನ ಮೂವರು ಸ್ನೇಹಿತರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತಿದ್ದರು. ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು. ಬಾಯಿ ಬಿಟ್ಟ ಮೇಲೆ ಕೆಟ್ಟಿತು. ನೀನು ಏನೋ ಮಾಡಿದ್ದೀಯ, ಒಪ್ಪಿಕೋ ಅಂತ ಅಧ್ಯಾಯಗಟ್ಟಲೆ ಮಾತಾಡಿದರು. ಕೊನೆಗೆ ದೇವರು ಕೋಪ ಮಾಡಿಕೊಂಡದ್ದು ಅವರ ಮೇಲೆ, ಅಷ್ಟು ಕೂಗಾಡಿದ ಯೋಬನ ಮೇಲಲ್ಲ. ಹುಟ್ಟು ಕುರುಡನನ್ನು ನೋಡಿ ಇದಕ್ಕೆ ಯಾರ ಪಾಪ ಕಾರಣ ಅಂತ ಶಿಷ್ಯರು ಕೇಳಿದಾಗಲೂ ಯೇಸು, ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಅಂದ. ಸಿಲೋವದ ಗೋಪುರ ಬಿದ್ದು ಹದಿನೆಂಟು ಜನ ಸತ್ತ ಸುದ್ದಿ ಎತ್ತಿದವನೂ ಅವನೇ. ಯೆರೂಸಲೇಮಿನಲ್ಲಿದ್ದ ಎಲ್ಲರಿಗಿಂತ ಅವರೇ ದೊಡ್ಡ ಪಾಪಿಗಳಾ ಅಂತ ಕೇಳಿ, ಅಲ್ಲ ಅಂತ ತಾನೇ ಹೇಳಿದ.

ನಮ್ಮ ಜಿಲ್ಲೆಯಲ್ಲೇ ನೋಡಿ. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಗಣಿ ಮುಚ್ಚಿತು. ಒಂದು ನೂರು ವರ್ಷಕ್ಕೂ ಜಾಸ್ತಿ ನಡೆದ ಗಣಿ, ತಲೆಮಾರುಗಟ್ಟಲೆ ಅದನ್ನೇ ನಂಬಿದ ಮನೆಗಳು, ಅದರಲ್ಲಿ ಎಷ್ಟೋ ಕ್ರೈಸ್ತ ಕುಟುಂಬಗಳು. ಅಲ್ಲಿನ ಚಾಂಪಿಯನ್ ರೀಫ್ಸ್‌ನ ಚರ್ಚಿಗೆ ಹೋಗುತ್ತಿದ್ದವರೆಲ್ಲ ಒಂದೇ ದಿನ ಪಾಪ ಮಾಡಿಬಿಟ್ಟರಾ? ಆಳಕ್ಕೆ ಹೋದ ಹಾಗೆ ಖರ್ಚು ಏರಿತು, ಸಿಗುವ ಚಿನ್ನ ಕಡಿಮೆ ಆಯಿತು, ಲೆಕ್ಕ ಕೂಡಲಿಲ್ಲ. ನಿಮ್ಮ ಟೊಮೆಟೊ ಕಥೆಯೂ ಅಷ್ಟೇ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್ಟಿನಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಅದನ್ನು ಕಂಡವರು ಯಾರು ತಾನೇ ನಾರು (ಸಸಿ) ತಂದು ನೆಡದೆ ಇರುತ್ತಾರೆ? ಎಲ್ಲರೂ ಒಟ್ಟಿಗೆ ಹಾಕಿದರೆ ಎಲ್ಲರ ಹಣ್ಣೂ ಒಟ್ಟಿಗೆ ಮಂಡಿಗೆ ಬರುತ್ತದೆ, ರೇಟು ಬೀಳುತ್ತದೆ. ಬಿಂಗಿ ರೋಗ ಹರಡುವುದು ಬಿಳಿ ನೊಣದಿಂದ. ಆ ನೊಣಕ್ಕೆ ಚರ್ಚಿಗೆ ಹೋಗುವವರ ತೋಟ ಯಾವುದು, ಹೋಗದವರದ್ದು ಯಾವುದು ಅಂತ ಗೊತ್ತಿಲ್ಲ.

ಪಾಪದ ಮಾತು ಅಷ್ಟಕ್ಕೆ ಬಿಡೋಣ. ಈಗ ನೀವು ಕೇಳಿದ ತಗ್ಗುವಿಕೆ.

ನಮ್ಮ ಸಭೆಗಳಲ್ಲಿ ಇದಕ್ಕೆ ಒಂದು ತಪ್ಪು ಅರ್ಥ ಕೂತುಬಿಟ್ಟಿದೆ. ತಲೆ ಬಗ್ಗಿಸಿ, ಕಣ್ಣೀರು ನುಂಗಿ, ಯಾರಾದರೂ ಹೇಗಿದ್ದೀರಾ ಅಂದರೆ 'ದೇವರ ಕೃಪೆಯಿಂದ ಚೆನ್ನಾಗಿದ್ದೇವೆ, ಸ್ತೋತ್ರ' ಅನ್ನುವುದು ತಗ್ಗುವಿಕೆ ಅಂತ. ನನಗೆ ಇದರಲ್ಲಿ ತಗ್ಗುವಿಕೆಗಿಂತ ಮರ್ಯಾದೆಯ ಚಿಂತೆಯೇ ಜಾಸ್ತಿ ಕಾಣುತ್ತದೆ. ಕಷ್ಟ ಹೇಳಿಕೊಂಡರೆ ಜನ ಏನಂದುಕೊಳ್ಳುತ್ತಾರೋ, ನಾಳೆ ಕಮಿಟಿಯಲ್ಲಿ ನನ್ನ ಮಾತಿಗೆ ಬೆಲೆ ಇರುತ್ತದೋ ಇಲ್ಲವೋ ಅನ್ನುವ ಭಯ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಮೌನದಲ್ಲೂ ಇದು ಸ್ವಲ್ಪ ಇದೆ. ಹರಾಜಿನಲ್ಲಿ ಹೆಸರು ಕೂಗಿಸಿಕೊಂಡ ಮನೆಗೆ ಕೈ ಚಾಚುವುದು ಕಷ್ಟ.

ಯೇಸು ಕಾಲು ತೊಳೆಯಲು ಬಗ್ಗಿದಾಗ ಪೇತ್ರ ಏನು ಮಾಡಿದ? ಬೇಡವೇ ಬೇಡ, ನನ್ನ ಕಾಲು ನೀನು ತೊಳೆಯಬಾರದು ಅಂದ. ಕೇಳಲು ಎಷ್ಟು ವಿನಯ ಅಲ್ವಾ? ಅದಕ್ಕೆ ಸಿಕ್ಕ ಉತ್ತರ ಖಾರವಾಗಿತ್ತು: ತೊಳೆಸಿಕೊಳ್ಳದಿದ್ದರೆ ನಿನಗೆ ನನ್ನೊಂದಿಗೆ ಪಾಲಿಲ್ಲ. ಬಗ್ಗಿ ಇನ್ನೊಬ್ಬರ ಕಾಲು ತೊಳೆಯುವವರು ನಮ್ಮಲ್ಲಿ ಸಿಗುತ್ತಾರೆ, ಪವಿತ್ರ ಗುರುವಾರ ಬಂದರೆ ಅದಕ್ಕೊಂದು ಆರಾಧನೆಯೇ ಇದೆ. ತನ್ನ ಕೊಳೆ ಕಾಲನ್ನು ಇನ್ನೊಬ್ಬರ ಕೈಗೆ ಕೊಡುವವರು ಕಡಿಮೆ.

ಪೌಲನ ವಿಷಯವೂ ಹೀಗೇ. ಅವನ ಶರೀರದಲ್ಲಿ ಒಂದು ಮುಳ್ಳು ಇತ್ತು. ರೋಗವೋ, ಬೇರೆ ಏನೋ, ಅವನು ಬಿಡಿಸಿ ಹೇಳುವುದಿಲ್ಲ. ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. 'ನನ್ನ ಕೃಪೆಯೇ ನಿನಗೆ ಸಾಕು' ಅನ್ನುವ ಮಾತು ಬಂದದ್ದು ಆಗ. ಈ ವಚನವನ್ನು ನಾವು ಕ್ಯಾಲೆಂಡರಿನಲ್ಲಿ ಹಾಕಿ ನೇತುಹಾಕುತ್ತೇವೆ. ಪೌಲ ಏನು ಮಾಡಿದ ಅಂತ ಮಾತ್ರ ನೋಡುವುದಿಲ್ಲ. ಮುಳ್ಳಿನ ವಿಷಯವನ್ನು ಅವನು ಇಡೀ ಕೊರಿಂಥದ ಸಭೆಗೆ ಪತ್ರದಲ್ಲಿ ಬರೆದುಬಿಟ್ಟ, ಅದೂ ಇವನೇನು ಅಪೊಸ್ತಲನೋ ಅಂತ ಅಲ್ಲಿ ಕೆಲವರು ಮೂಗು ಮುರಿಯುತ್ತಿದ್ದ ಹೊತ್ತಿನಲ್ಲಿ. ಸೆರೆಯಲ್ಲಿದ್ದಾಗ ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಸಹಾಯ ಕಳಿಸಿದರೆ ತಗೊಂಡ, ನನ್ನ ಕಷ್ಟದಲ್ಲಿ ಪಾಲುಗಾರರಾದಿರಿ, ಒಳ್ಳೇದು ಮಾಡಿದಿರಿ ಅಂತ ಬರೆದ. ಎಲ್ಲವನ್ನೂ ಮಾಡಲು ಶಕ್ತನಾಗಿದ್ದೇನೆ ಅಂತ ಬರೆದದ್ದು ಅದೇ ಪತ್ರದಲ್ಲಿ, ಅದೇ ಅಧ್ಯಾಯದಲ್ಲಿ. ಆ ಶಕ್ತಿಗೂ ಕೈಗೆ ಬಂದ ಕಾಸಿಗೂ ಅವನಿಗೆ ಜಗಳ ಕಾಣಲಿಲ್ಲ.

ಕೈ ಚಾಚುವುದಕ್ಕೆ ನಾಚಿಕೆ ಪಡುವ ಕೋಲಾರದ ಕ್ರೈಸ್ತರಿಗೆ ನಾನು ನಮ್ಮದೇ ಚರಿತ್ರೆ ನೆನಪು ಮಾಡುತ್ತೇನೆ. 1876ರಿಂದ 78ರವರೆಗೆ ಮೈಸೂರು ಸೀಮೆಗೆ ದೊಡ್ಡ ಬರ ಬಂತಲ್ಲ, ಹಿರಿಯರು ಧಾತು ಈಶ್ವರ ಬರ ಅನ್ನುತ್ತಿದ್ದರಲ್ಲ, ಆಗ ಕೋಲಾರದಲ್ಲಿ ಮಿಸ್ ಆನ್‌ಸ್ಟೀ ಎಂಬ ಇಂಗ್ಲಿಷ್ ಹೆಂಗಸು ತಂದೆತಾಯಿ ಕಳಕೊಂಡ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. 1890ರಲ್ಲಿ ಅದು ಮೆಥೋಡಿಸ್ಟ್ ಮಿಷನ್ನಿನ ಕೈಗೆ ಬಂತು. ಮುಂದೆ ಇ.ಟಿ.ಸಿ.ಎಂ. ಆಸ್ಪತ್ರೆ ಕಟ್ಟಿದ್ದೂ ಅದೇ ಮಿಷನ್. ಅಂದರೆ ಈ ಊರಿನ ಸಭೆಯ ಹಳೇ ಬೇರುಗಳಲ್ಲಿ ಒಂದು, ಹಸಿದು ಬಂದು ತಟ್ಟೆ ಹಿಡಿದ ಮಕ್ಕಳು. ದೇವರು ಆಶೀರ್ವದಿಸಿದ ಮನೆತನ ಅಂತ ಇವತ್ತು ಮುಂದಿನ ಬೆಂಚಿನಲ್ಲಿ ಕೂರುವವರ ಮುತ್ತಜ್ಜಿ ಯಾರ ಕೈಯ ಗಂಜಿ ಕುಡಿದು ಉಳಿದರೋ ಯಾರಿಗೆ ಗೊತ್ತು. ಇಂಥ ಸಭೆಯಲ್ಲಿ ಒಬ್ಬ ರೈತ ನನಗೆ ಕಷ್ಟ ಇದೆ ಅಂದರೆ ಅದು ಅವಮಾನ ಹೇಗಾಗುತ್ತದೆ?

ಇಲ್ಲಿ ಒಂದು ಮಾತು ಸಭೆಯವರಿಗೂ ಹೇಳಬೇಕು. ನಾವು ಸಾಕ್ಷಿ ಹೇಳಿಸುವ ರೀತಿಯೇ ಸರಿ ಇಲ್ಲ. ಕಾಯಿಲೆ ವಾಸಿಯಾದವರಿಗೆ, ಮಗನಿಗೆ ಕೆಲಸ ಸಿಕ್ಕವರಿಗೆ ಮೈಕು. ಇನ್ನೂ ಗುಂಡಿಯಲ್ಲೇ ಇರುವವರಿಗೆ ಮೈಕಿಲ್ಲ, ಪ್ರಾರ್ಥನೆ ಚೀಟಿ ಮಾತ್ರ, ಅದನ್ನೂ ಹೆಸರಿಲ್ಲದೆ ಓದುತ್ತೇವೆ. ಕೀರ್ತನೆಗಳ ಪುಸ್ತಕ ಹಾಗಿಲ್ಲ. ಅದರಲ್ಲಿ ಅಳು, ಗೋಳಾಟ, ಎಷ್ಟರವರೆಗೆ ಸ್ವಾಮೀ ಅನ್ನುವ ಕೂಗು ತುಂಬಿಕೊಂಡಿವೆ. 88ನೇ ಕೀರ್ತನೆಯನ್ನು ಒಂದು ರಾತ್ರಿ ಜೋರಾಗಿ ಓದಿ. ಬಹುಪಾಲು ಗೋಳಿನ ಕೀರ್ತನೆಗಳು ಕೊನೆಗಾದರೂ ಸ್ತೋತ್ರಕ್ಕೆ ತಿರುಗುತ್ತವೆ, ಇದು ತಿರುಗುವುದೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದನ್ನು ಯಾರೂ ಬೈಬಲಿನಿಂದ ಕಿತ್ತು ಹಾಕಲಿಲ್ಲ. ಪ್ರವಾದಿ ಹಬಕ್ಕೂಕನೂ ತನ್ನ ಪುಸ್ತಕದ 3ನೇ ಅಧ್ಯಾಯದಲ್ಲಿ 'ಆದರೂ ಸಂತೋಷಿಸುವೆನು' ಅನ್ನುವುದಕ್ಕೆ ಮುಂಚೆ ಲೆಕ್ಕ ಕೊಡುತ್ತಾನೆ: ಅಂಜೂರ ಚಿಗುರಿಲ್ಲ, ದ್ರಾಕ್ಷಿ ಹಣ್ಣಿಲ್ಲ, ಎಣ್ಣೆಮರ ಮೋಸ ಮಾಡಿತು, ಹೊಲದಲ್ಲಿ ಆಹಾರವಿಲ್ಲ, ಹಟ್ಟಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ನಮ್ಮ ಕಡೆ ರೈತ ಪಹಣಿ ಹಿಡಿದು ಹೇಳಿದ ಹಾಗಿದೆ. ಒಂದನ್ನೂ ಮುಚ್ಚಿಡಲಿಲ್ಲ.

ನೀವೂ ಹಾಗೇ ಲೆಕ್ಕ ಬರೆಯಿರಿ, ನಿಜವಾಗಲೂ ಹೇಳುತ್ತಿದ್ದೇನೆ. ಮಕ್ಕಳ ಹಳೇ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಯಾರಿಗೆ, ಎಷ್ಟು, ಯಾವಾಗ ತಗೊಂಡದ್ದು, ಬಡ್ಡಿ ಎಷ್ಟು, ಕಟ್ಟಿರುವುದು ಎಷ್ಟು, ಸಾಕ್ಷಿಗೆ ಯಾರಿದ್ದರು, ಖಾಲಿ ಚೆಕ್ಕಿಗೋ ಪತ್ರಕ್ಕೋ ಸಹಿ ಹಾಕಿ ಕೊಟ್ಟಿದ್ದೀರಾ. ಮಂಡಿಯ ಮುಂಗಡವನ್ನೂ ಬಿಡಬೇಡಿ, ಬಾಮೈದನ ಹತ್ತಿರ ತಗೊಂಡ ಐದು ಸಾವಿರವನ್ನೂ ಬಿಡಬೇಡಿ. ರಾತ್ರಿ ತಲೆಯೊಳಗೆ ಸುತ್ತುವ ಸಾಲ ಯಾವಾಗಲೂ ಹಾಳೆಯ ಮೇಲಿನ ಸಾಲಕ್ಕಿಂತ ದೊಡ್ಡದು. ಆಮೇಲೆ ಬ್ಯಾಂಕಿಗೆ ನೀವಾಗಿಯೇ ಹೋಗಿ, ನೋಟಿಸ್ ಬರುವವರೆಗೆ ಕಾಯಬೇಡಿ. ಕಂತು ಮರುಹೊಂದಿಸಲು ಆಗುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ. ಮಂಡಿಯವರ ಹತ್ತಿರವೂ ಇದ್ದದ್ದನ್ನು ಹೇಳಿ. ಅವರಿಗೆ ತಪ್ಪಿಸಿಕೊಂಡು ಓಡಾಡುವ ರೈತನಿಗಿಂತ ಬಂದು ಕೂತು ಮಾತಾಡುವ ರೈತ ವಾಸಿ.

ಸಂಘದ ಸಾಲ, ಫೈನಾನ್ಸ್ ಸಾಲದ ವಸೂಲಿಯವರು ಮನೆ ಮುಂದೆ ಕೂತು ಹೆಂಗಸರಿಗೆ ಬಾಯಿಗೆ ಬಂದ ಹಾಗೆ ಮಾತಾಡುತ್ತಿದ್ದರೆ ಅದನ್ನು ಶಿಲುಬೆ ಅಂದುಕೊಂಡು ಹೊರಬೇಡಿ. ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಬಾರದು, ಬೆದರಿಸಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸಣ್ಣ ಸಾಲದ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯೂ ಆಯಿತು. ಕಿರುಕುಳ ಕೊಡುವ ಲೇವಾದೇವಿಯವರಿಗೆ 10 ವರ್ಷದವರೆಗೆ ಜೈಲು ಇದೆ. ಪೊಲೀಸ್ ಠಾಣೆಗೆ ಹೋಗುವುದು ವಿಶ್ವಾಸಿಗೆ ತಕ್ಕದ್ದಲ್ಲ ಅನ್ನುವವರು ಅಪೊಸ್ತಲರ ಕೃತ್ಯಗಳು 16 ಓದಲಿ. ವಿಚಾರಣೆ ಇಲ್ಲದೆ ಹೊಡೆಸಿ ಸೆರೆಗೆ ಹಾಕಿ, ಬೆಳಿಗ್ಗೆ ಗುಟ್ಟಾಗಿ ಬಿಟ್ಟು ಕಳಿಸಲು ನೋಡಿದಾಗ ಪೌಲ, ನಾವು ರೋಮಾಪುರದ ಹಕ್ಕುಳ್ಳವರು, ಅಧಿಕಾರಿಗಳೇ ಬಂದು ನಮ್ಮನ್ನು ಹೊರಗೆ ಕರಕೊಂಡು ಹೋಗಲಿ ಅಂದ. ರಾತ್ರಿ ಅದೇ ಸೆರೆಯಲ್ಲಿ ಹಾಡಿದವನೂ ಇವನೇ.

ಸಾಲ ತಗೊಂಡದ್ದು ನಿಜ, ತೀರಿಸುವುದು ನಿಮ್ಮ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಗಲಾತ್ಯದವರಿಗೆ ಬರೆದ ಪತ್ರದ ಒಂದೇ ಅಧ್ಯಾಯದಲ್ಲಿ ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಿರಿ ಅಂತಲೂ ಇದೆ, ಪ್ರತಿಯೊಬ್ಬನು ತನ್ನ ಹೊರೆಯನ್ನು ಹೊರಬೇಕು ಅಂತಲೂ ಇದೆ.

ಟೊಮೆಟೊ ವಿಷಯ. ದೇವರ ಮೇಲೆ ಭಾರ ಹಾಕಿ ಮೂರನೇ ಸಲ ಅನ್ನುತ್ತಿದ್ದೀರಿ. ಬೇಡ. ದೇವಾಲಯದ ತುದಿಯಿಂದ ಹಾರು, ದೂತರು ಹಿಡಿಯುತ್ತಾರೆ ಅಂತ ಸೈತಾನ ವಚನ ಸಮೇತ ಹೇಳಿದಾಗ ಯೇಸು ಹಾರಲಿಲ್ಲ. ಮಲ್ಚಿಂಗ್ ಪೇಪರ್ರು, ಗೂಟ, ದಾರ, ನಾರು, ಔಷಧಿ, ಎಲ್ಲ ಸಾಲದಲ್ಲೇ ತಂದು, ರೇಟು ದೇವರ ಕೈಲಿದೆ ಅನ್ನುವುದು ಜೂಜು. ಮನೆಗೆ ಆಗುವಷ್ಟು ರಾಗಿ, ಸ್ವಲ್ಪ ಅವರೆ, ಒಂದು ಹಸು ಇದ್ದರೆ ಡೈರಿಗೆ ಹಾಕುವ ಹಾಲು, ಇದರಲ್ಲಿ ಒಂದು ವರ್ಷ ಕಳೆಯಿರಿ. ಬಂಗಾರಪೇಟೆ ಕಡೆ ಹೋದರೆ ನೋಡಿರುತ್ತೀರಿ, ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಸೆಕ್ಯೂರಿಟಿ ಕೆಲಸಕ್ಕೆ, ಆಫೀಸಿಗೆ ಹೋಗಿ ರಾತ್ರಿ ಬರುವವರ ಸಾಲು ಇವತ್ತಿಗೂ ನಿಂತಿಲ್ಲ. ಅವರ ಅಪ್ಪಂದಿರಿಗೆ ಕಾಲೋನಿಯ ಬಾಗಿಲಲ್ಲೇ ಕೆಲಸ ಇತ್ತು. ಇವರದ್ದು ದೊಡ್ಡ ಸಾಕ್ಷಿ ಅಂತ ಯಾರೂ ಮೈಕು ಕೊಡುವುದಿಲ್ಲ, ಆದರೆ ಸೋತವರು ಎದ್ದು ನಿಲ್ಲುವುದು ಹೇಗೆ ಅಂತ ಕೇಳಿದರೆ ನನಗೆ ಮೊದಲು ಕಾಣುವುದು ಆ ಪ್ಲಾಟ್‌ಫಾರ್ಮು.

ಸುಗ್ಗಿ ಹಬ್ಬಕ್ಕೆ ಹೋಗಿ. ಹರಾಜಿನಲ್ಲಿ ಒಂದು ಕುಂಬಳಕಾಯಿಯನ್ನು ಐದು ಸಾವಿರಕ್ಕೆ ಕೂಗುವುದು ನೋಡಲು ಚಂದ, ನನಗೂ ಇಷ್ಟವೇ, ಆದರೆ ಅದು ಸಾಲ ಮಾಡಿ ಆಡುವ ಆಟ ಅಲ್ಲ. ಎರಡನೇ ಕೊರಿಂಥ 8ರಲ್ಲಿ ಪೌಲ ಸ್ಪಷ್ಟವಾಗಿ ಬರೆದಿದ್ದಾನೆ, ಮನಸ್ಸಿದ್ದರೆ ಅವರವರಲ್ಲಿ ಇರುವುದಕ್ಕೆ ತಕ್ಕ ಹಾಗೆ ಕೊಟ್ಟದ್ದು ಸಮರ್ಪಕ, ಇಲ್ಲದ್ದನ್ನು ಕೇಳುವುದಿಲ್ಲ ಅಂತ. ಒಂದು ಸೇರು ರಾಗಿ ಇದ್ದರೆ ಅದು, ಅದೂ ಇಲ್ಲದಿದ್ದರೆ ಬರಿಗೈ. ಹಾಗೇ, ಇಂತಿಷ್ಟು ಕಾಣಿಕೆ ಬಿತ್ತಿದರೆ ಸಾಲ ತೀರುತ್ತದೆ ಅಂತ ಫೋನಿನಲ್ಲೋ ಟಿವಿಯಲ್ಲೋ ಯಾರಾದರೂ ಹೇಳಿದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ವಿಧವೆಯ ಎರಡು ಕಾಸನ್ನು ಹೊಗಳುವ ಮುಂಚೆ ಯೇಸು, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಬೈದಿದ್ದಾನೆ. ಮಾರ್ಕ 12ರಲ್ಲಿ ಎರಡೂ ಒಂದರ ಪಕ್ಕ ಒಂದಿವೆ, ಇಂಥ ಬೋಧಕರು ಮೊದಲನೆಯದನ್ನು ಓದುವುದಿಲ್ಲ ಅಷ್ಟೇ.

ನಿಮ್ಮ ಸಭಾಪಾಲಕರ ಹತ್ತಿರ ಈ ವಾರವೇ ಮಾತಾಡಿ, ಆ ಹಿರಿಯರ ಹತ್ತಿರ ಅಲ್ಲ. ಸಭಾಪಾಲಕರೂ ಪಾಪ ಹುಡುಕಲು ಶುರು ಮಾಡಿದರೆ ಇನ್ನೊಬ್ಬರನ್ನು ನೋಡಿ. ಎಲ್ಲರಿಗೂ ಹೇಳಬೇಕಿಲ್ಲ, ಬಾಯಿ ಬಿಗಿ ಇರುವ ಇಬ್ಬರು ಸಾಕು. ಯೇಸು ಗೆತ್ಸೇಮನೆಯಲ್ಲಿ ಹನ್ನೊಂದು ಜನರಲ್ಲಿ ಮೂವರನ್ನು ಮಾತ್ರ ಹತ್ತಿರ ಕರಕೊಂಡು ಹೋಗಿ, ನನಗೆ ಸಾಯುವಷ್ಟು ದುಃಖವಾಗಿದೆ, ಇಲ್ಲೇ ಇದ್ದು ಎಚ್ಚರವಾಗಿರಿ ಅಂತ ಕೇಳಿಕೊಂಡ. ಅವರು ನಿದ್ರೆ ಮಾಡಿಬಿಟ್ಟರು, ಅದು ಬೇರೆ ಮಾತು. ನಿಮ್ಮ ಇಬ್ಬರೂ ನಿದ್ರೆ ಮಾಡಬಹುದು. ಆದರೂ ಕೇಳಿ.

ಎಲ್ಲಕ್ಕಿಂತ ಮೊದಲು ನಿಮ್ಮ ಮನೆಯವರಿಗೆ ಆ ಕೈಸಾಲದ ವಿಷಯ ಹೇಳಬೇಕು. ಮಕ್ಕಳು ಮಲಗಿದ ಮೇಲೆ, ಆ ಹಾಳೆ ಮುಂದಿಟ್ಟುಕೊಂಡು ಹೇಳಿ. ಪೂರ್ತಿ ಮೊತ್ತ ಹೇಳಿ. ಅರ್ಧ ಹೇಳಿ ಇನ್ನರ್ಧ ಆಮೇಲೆ ನೋಡೋಣ ಅಂದುಕೊಂಡರೆ, ಆ ಅರ್ಧ ಸಾಲ ಕೊಟ್ಟವನ ಬಾಯಿಂದಲೇ ಅವರಿಗೆ ಗೊತ್ತಾಗುತ್ತದೆ, ಆಗ ದುಡ್ಡಿನ ಜೊತೆ ನಂಬಿಕೆಯೂ ಹೋಗುತ್ತದೆ. ಅವರು ಅಳಬಹುದು, ಬೈಯಬಹುದು, ಎರಡು ದಿನ ಮಾತು ಬಿಡಬಹುದು. ಆಗ ವಚನ ಹೇಳಲು ಹೋಗಬೇಡಿ, ಪ್ರಾರ್ಥನೆ ಮಾಡೋಣ ಬಾ ಅಂತ ತಕ್ಷಣ ಎಳೆಯಬೇಡಿ. ಕೂತು ಕೇಳಿಸಿಕೊಳ್ಳಿ. ರಾತ್ರಿ ನಿದ್ರೆ ಬರದ ವಿಷಯವನ್ನೂ ಅವರಿಗೆ ಹೇಳಿ, ಆಸ್ಪತ್ರೆಗೆ ಜೊತೆಯಲ್ಲಿ ಅವರನ್ನೇ ಕರಕೊಂಡು ಹೋಗಿ.